ಶುಕ್ರವಾರ ಸಂಜೆಯ ಗಡುವು

ಭಾನುವಾರ, ಮಧ್ಯಾಹ್ನ
ಕಾಲೇಜ್ ಲೈಬ್ರರಿಯ ಹೊರಗೆ

ಪ್ರೀತಿಯ ಅಮ್ಮ,

ಈ ಕಾಗದವನ್ನು ಲಾಂಡ್ರಿಯಲ್ಲಿ ಎಲ್ಲರೆದುರು ಓದಬೇಡ. ರೂಮಿಗೆ ಹೋಗಿ ಕೂತುಕೊಂಡು ಓದು. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ. ನೀನು ನಡುವೆ "ಪರದೆ ಯಾವ ಬಣ್ಣದ್ದು ತರ್ಲಿ ಪುಟ್ಟಿ?" ಅಂತ ಕೇಳಿದೆ. ನಾನು "ನೀಲಿ" ಅಂದುಬಿಟ್ಟೆ. ಕೊಂಡಿದ್ದರೆ ವಾಪಸ್ ಮಾಡಿಬಿಡು. ಆ ಮನೆ ನಮಗಿಲ್ಲ. ಗುರುವಾರ ನೀನು ಪೆಟ್ಟಿಗೆ ಹಿಡಿದು ಬಂದರೆ ಇಳಿದುಕೊಳ್ಳಲು ಇಲ್ಲಿ ಜಾಗವಿಲ್ಲ.

ಒಂದನೇ ತಾರೀಕಿನಿಂದ ಅಲ್ಲೇ ಇದ್ದೇನೆ ಎಂದು ನಿನಗೆ ಹೇಳುತ್ತಾ ಬಂದದ್ದೆಲ್ಲ ಸುಳ್ಳು. ಒಂದು ದಿನವೂ ಅಲ್ಲಿ ಮಲಗಿಲ್ಲ. ಅಡುಗೆಮನೆಗೆ ಬೆಳಿಗ್ಗೆ ಬಿಸಿಲು ಬರುತ್ತದೆ ಎಂದದ್ದು ಮಾತ್ರ ನಿಜ. ಆದರೆ ಅದನ್ನು ನೋಡಿದ್ದು ಬೇರೆಯವರ ಒಲೆಯ ಪಕ್ಕದಲ್ಲಿ ನಿಂತು. ಹಾಸ್ಟೆಲ್ ಸೀಟನ್ನು ಆಗಲೇ ಬಿಟ್ಟುಕೊಟ್ಟಿದ್ದೆನಲ್ಲ, ನನ್ನ ಕ್ಲಾಸಿನ ದಪ್ಪ ಕನ್ನಡಕದ ಹುಡುಗಿ ತನ್ನ ಮಂಚದಲ್ಲಿ ಅರ್ಧ ಜಾಗ ಕೊಟ್ಟಳು. ಎಲ್ಲರೂ ಅವಳನ್ನು ಸೋಡಾಬುಡ್ಡಿ ಅಂತಾರೆ. ವಾರ್ಡನ್ ರೌಂಡ್ಸ್ ಬಂದಾಗಲೆಲ್ಲ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. "ಮೀನು ಕೂಡ ನಿನ್ನಷ್ಟು ಹೊತ್ತು ನೀರಲ್ಲಿರಲ್ಲ ಕಣೆ" ಅಂತ ಸೋಡಾಬುಡ್ಡಿ ನಗುತ್ತಾಳೆ. 

ಹೀಗೆ ಆಗಿದ್ದು ನನ್ನ ಸಹಿಯಿಂದ. ಮನೆ ಓನರ್‌ಗೆ ಕೆಳಗಡೆ ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆಯ ಡಬ್ಬಗಳ ನಡುವೆ ಕೌಂಟರಿನ ಮೇಲೆ ಅಗ್ರಿಮೆಂಟ್ ಇಟ್ಟರು. ಅದರ ಕೆಳಗೆ ಇನ್ನೊಂದು ಹಾಳೆ: ಕೀ ಮುಟ್ಟಿದೆ, ಮನೆ ನನ್ನ ವಶಕ್ಕೆ ಬಂದಿದೆ ಎಂದು. ನಾನು ಎರಡಕ್ಕೂ ಸಹಿ ಹಾಕಿ, ಆಮೇಲೆ ಕೀಗೆ ಕೈ ಚಾಚಿದೆ. ನಿನಗೆ ಇದು ಹುಚ್ಚು ಅನ್ನಿಸಬಹುದು. ಆದರೆ ಹಾಸ್ಟೆಲಿನಲ್ಲಿ ಯಾವಾಗಲೂ ಹಾಗೇ ಅಲ್ಲವೇ? ಬಕೆಟ್‌ಗಾಗಲಿ, ಬೆಡ್‌ಶೀಟ್‌ಗಾಗಲಿ, ಲಾಕರಿನ ಕೀಗಾಗಲಿ ಮೊದಲು ಸಹಿ, ಆಮೇಲೆ ಸಾಮಾನು. ಮೂರನೇ ಕ್ಲಾಸಿನಿಂದ ಹಾಗೇ ಬೆಳೆದವಳು. ಸಹಿ ಹಾಕಿದ ಮೇಲೂ ಕೊಡದೆ ಇರುವವರು ಇರುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ಓನರ್ ಮೊಳೆ ತೂಗುತ್ತಾ, "ಕೀನಾ? ಮೇಲಿರೋರು ಇನ್ನೆರಡು ದಿನದಲ್ಲಿ ಬಿಡ್ತಾರೆ. ಹೋಗಿ ಮನೆ ನೋಡ್ಕೊಂಡು ಬಾ" ಅಂದರು.

ಮೇಲಿದ್ದವರು ಟೈಲರ್ ಆಂಟಿ. ಮುಂದಿನ ಕೋಣೆಯಲ್ಲಿ ಎರಡು ಮಷೀನು, ನೆಲದ ತುಂಬ ತೋಳಿಲ್ಲದ ಸ್ಕೂಲ್ ಯೂನಿಫಾರ್ಮ್‌ಗಳು. ಅವರೂ ಬೇರೆ ಕಡೆ ಹೊಸ ಅಪಾರ್ಟ್‌ಮೆಂಟಿನಲ್ಲಿ ಮನೆ ಹಿಡಿದು ಅಡ್ವಾನ್ಸ್ ಕೊಟ್ಟಿದ್ದಾರೆ. ಅಲ್ಲಿ ಕಟ್ಟಡ ಇನ್ನೂ ಮುಗಿದಿಲ್ಲ. "ನಾನು ಬಿಡೋಕೆ ರೆಡಿ ಮಗಳೇ, ಹೋಗೋ ಮನೆಗೆ ಬಾಗಿಲಾದ್ರೂ ಬೇಡ್ವಾ? ನೀರಿನ ಪೈಪ್ ಗೋಡೆಯಿಂದ ಮೂಗು ಚಾಚಿಕೊಂಡು ನಿಂತಿದೆ, ಅಷ್ಟೇ" ಅಂದರು. ನಾನು ಸಹಿಯ ವಿಷಯ ಹೇಳಿದ್ದಕ್ಕೆ ಕತ್ತರಿ ಕೆಳಗಿಟ್ಟು ನಕ್ಕರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು. ಅದೂ ನನ್ನ ಹತ್ರ ಹೊಲಿಸಿಲ್ಲ ನೋಡು!"

ಎರಡು ದಿನ ಎಂದದ್ದು ವಾರವಾಯಿತು, ವಾರ ಎರಡಾಯಿತು. ಮನೆ ಕೊಡದ ಓನರ್ ಬಾಡಿಗೆ ಕೇಳಿ ಫೋನ್ ಮಾಡಿದರು. ಮನೆಯೇ ಸಿಕ್ಕಿಲ್ಲವಲ್ಲ ಅಂದೆ. "ಸಹಿ ಹಾಕಿದ ದಿನದಿಂದ ಮನೆ ನಿಂದು. ಒಳಗಿರೋರನ್ನ ಎಬ್ಬಿಸೋದು ನಿನಗೆ ಬಿಟ್ಟಿದ್ದು, ಬಾಡಿಗೆ ತಗೊಳೋದು ನನಗೆ ಬಿಟ್ಟಿದ್ದು. ಏನಮ್ಮ, ಓದೋ ಹುಡುಗಿ, ಓದದೆ ಸಹಿ ಹಾಕ್ತೀಯಾ?" ಆ ಮಾತು ಇನ್ನೂ ಕಿವಿಯಲ್ಲಿದೆ. ಅವತ್ತು ಕ್ಲಾಸಿನಲ್ಲಿ ಲೆಕ್ಚರರ್ ಹೆಸರು ಕೂಗಿದಾಗ ಎದ್ದು ನಿಂತು ಸುಮ್ಮನೆ ಅತ್ತುಬಿಟ್ಟೆ.

ಬುಧವಾರಗಳಲ್ಲಿ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಒಬ್ಬ ವಕೀಲೆ ಫೀಸಿಲ್ಲದೆ ಸಲಹೆ ಕೊಡುತ್ತಾರೆ. ಸೋಡಾಬುಡ್ಡಿ ನನ್ನನ್ನು ಎಳೆದುಕೊಂಡು ಹೋದಳು. ವಕೀಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿನಗೂ ಯಾವಾಗಲಾದರೂ ಬೇಕಾಗಬಹುದು. "ಮನೆ ಕೈಗೆ ಬರದೆ ಬಾಡಿಗೆ ಹುಟ್ಟೋದಿಲ್ಲ. ಕಾಯ್ತೀನಿ ಅಂದ್ರೆ ಬಾಡಿಗೆ ಇಲ್ಲದೆ ಕಾಯಬಹುದು. ಬೇಡ ಅಂದ್ರೆ ಗಡುವು ಕೊಟ್ಟು, ಮೀರಿದ ಮೇಲೆ ಅಡ್ವಾನ್ಸ್ ಪೂರ್ತಿ ವಾಪಸ್ ಕೇಳಬಹುದು. ಇದಾ ಅದಾ ಅನ್ನೋದನ್ನ ಹೇಳೋಳು ನೀನು, ಅವರಲ್ಲ." ಆಮೇಲೆ ಆ ಎರಡನೇ ಹಾಳೆ ನೋಡಿ ಹಣೆ ಒತ್ತಿಕೊಂಡರು. ಕಾಗದದ ಪ್ರಕಾರ ನಾನು ಆಗಲೇ ಆ ಮನೆಯಲ್ಲಿ ವಾಸವಿದ್ದೇನೆ. ಇದು ಸುಳ್ಳೆಂದು ಹೇಳಬಲ್ಲವರು ಒಬ್ಬರೇ, ಅವತ್ತೂ ಒಳಗಿದ್ದ ಟೈಲರ್ ಆಂಟಿ. ಆದರೆ ಅವರು ಹಾಗೆ ಬರೆದುಕೊಟ್ಟರೆ, ಅವಧಿ ಮೀರಿ ಕೂತದ್ದನ್ನು ತಾವೇ ಒಪ್ಪಿಕೊಂಡಂತೆ. ಓನರ್ ಆಂಟಿಯ ಅಡ್ವಾನ್ಸಿಗೆ ಕತ್ತರಿ ಹಾಕಬಹುದು.

ಅತ್ತ ದರಿ, ಇತ್ತ ಪುಲಿ. ಆಂಟಿಗೆ ಇದನ್ನೆಲ್ಲ ಮುಚ್ಚಿಡದೆ ಹೇಳಿದೆ ಅಮ್ಮ, ಅಷ್ಟನ್ನಾದರೂ ಮಾಡಿದೆ. ಅವರು ಹಲ್ಲಿನಿಂದ ದಾರ ಕಡಿದು, "ನಿಮ್ಮಮ್ಮ ಯಾವಾಗ ಬರ್ತಾರೆ?" ಅಂತ ಕೇಳಿದರು. ಮುಂದಿನ ಗುರುವಾರ ಅಂದೆ. ಲಾಂಡ್ರಿಯನ್ನು ಕಂಟ್ರಾಕ್ಟಿಗೆ ಕೊಡುತ್ತಿದ್ದಾರೆ, ಈ ತಿಂಗಳ ಕೊನೆಗೆ ನಿನ್ನ ಕೆಲಸದ ಜೊತೆ ರೂಮೂ ಹೋಗುತ್ತದೆ ಅಂದೆ. "ತಾಯಿ ಮಗಳು ಕೊನೇ ಸಲ ಒಟ್ಟಿಗಿದ್ದಿದ್ದು?" ನಾನು ಏಳು ವರ್ಷದವಳಿದ್ದಾಗ ಅಂದೆ. ಅವರು ಮಷೀನಿನ ಮೇಲೆಯೇ ಕಾಗದ ಇಟ್ಟು ಬರೆದುಕೊಟ್ಟರು. "ನಾನು ಹೇಗಿದ್ರೂ ಹೋಗೋಳೇ. ಸ್ವಲ್ಪ ಬೈಸ್ಕೊಂಡು ಹೋಗ್ತೀನಿ, ಬಿಡು."

ವಕೀಲೆ ನೋಟಿಸ್ ಕಳಿಸಿದರು. ಶುಕ್ರವಾರ ಸಂಜೆಯೊಳಗೆ ಮನೆ ಕೊಡಿ, ಇಲ್ಲದಿದ್ದರೆ ನಮಗೆ ಬೇಡವೆನ್ನುವ ಹಕ್ಕಿದೆ ಎಂದು. ಶುಕ್ರವಾರ ಸಂಜೆ ಹೋಗಿ ನೋಡಿದೆ. ಮಷೀನುಗಳು ಇದ್ದಲ್ಲೇ ಇದ್ದವು, ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಗಡುವು ಮೀರಿತು. ಅಗ್ರಿಮೆಂಟ್ ರದ್ದು ಮಾಡಿದೆ. ನಿನ್ನ ಅಡ್ವಾನ್ಸ್ ತಿಂಗಳ ಕೊನೆಯೊಳಗೆ ನಿನ್ನ ಅಕೌಂಟಿಗೆ ಬರುತ್ತದೆ, ಓನರ್ ಬರೆದುಕೊಟ್ಟಿದ್ದಾರೆ. ಹಾಸ್ಟೆಲಿನಲ್ಲಿ ಒಂದು ಸೀಟು ಖಾಲಿ ಇತ್ತು, ನನಗೆ ಸಿಕ್ಕಿದೆ.

ನೀನು ಸದ್ಯಕ್ಕೆ ಚಿಕ್ಕಮ್ಮನ ಮನೆಗೆ ಹೋಗು. ಗೊತ್ತು, ಅವರ ಹಾಲ್‌ನಲ್ಲಿ ಬಾಗಿಲ ಹಿಂದೆ ಹಾಸಿಗೆ. ಗೊತ್ತು, "ಮಗಳ ಮನೆ ಎಲ್ಲಿ ಹೋಯ್ತು?" ಅಂತ ಚಿಕ್ಕಮ್ಮ ದಿನಕ್ಕೊಂದು ಸಲ ಚುಚ್ಚುತ್ತಾಳೆ. ಓನರ್ ಮೋಸ ಮಾಡಿದ ಅಂತ ಹೇಳು. ಪರೀಕ್ಷೆ ಮುಗಿಯಲಿ, ಬೇರೆ ಮನೆ ಹುಡುಕುತ್ತೇನೆ. ಇಸ್ತ್ರಿಯಿಂದ ಸುಟ್ಟ ಕೈಗೆ ಮುಲಾಮು ಹಚ್ಚುವುದನ್ನು ಬಿಡಬೇಡ.

ನಿನ್ನ
ಪುಟ್ಟಿ

ತಾ.ಕ.: ಕವರ್ ಅಂಟಿಸಿದವಳು ಮತ್ತೆ ಬಿಚ್ಚಿದೆ. ನೀನು ಸುಮ್ಮನಿರುವವಳಲ್ಲ, ಓನರ್‌ಗೆ ಫೋನ್ ಮಾಡಿ ಜಗಳ ಆಡುತ್ತೀಯ. ಅವರ ಬಾಯಿಂದ ನಿನಗೆ ತಿಳಿಯುವುದು ಬೇಡ.

ಶನಿವಾರ ಬೆಳಿಗ್ಗೆ ಓನರ್ ಹಾಸ್ಟೆಲ್ ಗೇಟಿನ ಹತ್ತಿರ ಬಂದಿದ್ದರು, ಕೀ ಹಿಡಿದುಕೊಂಡು. ಟೈಲರ್ ಆಂಟಿ ಬೆಳಕು ಹರಿಯುವ ಮುಂಚೆಯೇ ಖಾಲಿ ಮಾಡಿದ್ದರಂತೆ, ಬಾಗಿಲಿಲ್ಲದ ಆ ಮನೆಗೇ ಹೋಗಿ ಚೌಕಟ್ಟಿಗೆ ಬೆಡ್‌ಶೀಟ್ ಕಟ್ಟಿಕೊಂಡಿದ್ದಾರಂತೆ. "ಆ ಹುಡುಗಿಯ ತಾಯಿ ಬರ್ತಿದ್ದಾರೆ" ಅಂದರಂತೆ. ವಕೀಲೆಗೆ ಫೋನ್ ಮಾಡಿದೆ. "ಗಡುವು ಮುಗಿದಿದೆ, ತಗೊಳ್ಳೋದು ಬಿಡೋದು ಈಗ ನಿನ್ನ ಹಕ್ಕು. ಆದ್ರೆ ತಗೋ, ಅಮ್ಮ ಬರ್ತಾರಲ್ಲ" ಅಂದರು. ನಾನು ಬೇಡ ಅಂದೆ. ಅಗ್ರಿಮೆಂಟ್ ರದ್ದು ಮಾಡಿದ್ದು ಆಮೇಲೆ.

ರಜೆಗೆ ಬಂದಾಗೆಲ್ಲ ನೀನು "ಊಟ ಆಯ್ತಾ?" ಅಂತೀಯ, ನಾನು "ಹ್ಞೂಂ" ಅಂತೀನಿ. ಆಮೇಲೆ ಇಬ್ಬರೂ ಗೋಡೆ ನೋಡುತ್ತೇವೆ. ನಾಲ್ಕು ದಿನವಾದರೆ ಆಗುತ್ತದೆ ಅಮ್ಮ. ದಿನಾ ಅಂದರೆ ನನಗೆ ಬರುವುದಿಲ್ಲ. ಕೀ ನೋಡಿದಾಗ ಉಸಿರು ಕಟ್ಟಿತು, ಬೇಡ ಅಂದಮೇಲೆ ಸರಾಗವಾಯಿತು. ಅದೇ ನನಗೆ ಹೆದರಿಕೆ.

ಮನೆ ಖಾಲಿ ಇದೆ. ಆಂಟಿ ಗುಡಿಸಿ, ಒರೆಸಿ ಹೋಗಿದ್ದಾರಂತೆ.