ಮೊಹರಿಲ್ಲದ ಬ್ಯಾಕಪ್

ಚೆನ್ನೈ, ಜೂನ್ ೧೨, ಬುಧವಾರ

ಶನಿವಾರ ರಜೆ ಸಿಕ್ಕಿಬಿಟ್ಟಿತು, ಅದೂ ಆ ಮ್ಯಾನೇಜರ್ ಸಭಾಪತಿಯ ಬಾಯಿಂದಲೇ!

ಬ್ಯಾಕಪ್‌ನಿಂದ ಡೇಟಾಬೇಸ್ ಮತ್ತೆ ಏಳುತ್ತಿಲ್ಲ, ತಪ್ಪು ನನ್ನದೇ ಎಂದು ಬೆಳಿಗ್ಗೆ ಎಲ್ಲರೆದುರು ಸಾರಿದ್ದ. "ಏನಪ್ಪಾ ಮದುಮಗ, ಹೆಂಡ್ತಿ ಗುಂಗಲ್ಲಿ ಕೆಡಿಸಿಟ್ಯಾ? ಶನಿವಾರ ಕೂತು ಸರಿಮಾಡು."

ನಾನು ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಕಮಾಂಡ್ ಕೊಟ್ಟು ಆ ಫೈಲನ್ನು ಪರೀಕ್ಷಿಸಿದೆ. ಸರಿಯಾಗಿ ತೆಗೆದ ಬ್ಯಾಕಪ್‌ನ ಕೊನೆಗೆ ಟೂಲೇ 'ಮುಗಿಯಿತು' ಎಂದು ತನ್ನ ಮೊಹರು ಒತ್ತುತ್ತದೆ. ಇದರಲ್ಲಿ ಮೊಹರೇ ಇಲ್ಲ! ಡೇಟಾಬೇಸ್ ಓಡುತ್ತಿರುವಾಗಲೇ ಯಾರೋ ಸೋಮಾರಿ ಟೂಲ್ ಬಳಸದೆ ಫೈಲನ್ನು ಹಾಗೇ ಕಾಪಿ ಮಾಡಿ ಇಟ್ಟಿದ್ದಾನೆ; ಅಂಥ ಕಾಪಿ ಅರ್ಧಂಬರ್ಧ, ಮತ್ತೆ ಏಳುವುದಿಲ್ಲ.

ಪರದೆಯನ್ನು ಇಡೀ ತಂಡಕ್ಕೆ ತೋರಿಸಿದೆ. "ಸಾರ್, ಈ ಫೈಲಿನ ತಾರೀಖು ನೋಡಿ. ಅವತ್ತು ನಾನು ಮಧುರೈಯಲ್ಲಿ ತಾಳಿ ಕಟ್ತಿದ್ದೆ. ನನ್ನ ಬದಲು ಬ್ಯಾಕಪ್ ತೆಗೆದಿದ್ದು ನೀವೇ ಅಲ್ವಾ?"

ನಮ್ಮ ತಂಡದ ಪೂಂಗೊಡಿ ಅಕ್ಕ ಬಿಡಲಿಲ್ಲ. "ಸಾರ್, ನೀವು ಯಾರ ಗುಂಗಲ್ಲಿದ್ರಿ?"

ಆಹಾ, ಅವನ ಮುಖ! ಪಾಪ ಅನ್ನಿಸಬೇಕಿತ್ತು, ಅನ್ನಿಸಲೇ ಇಲ್ಲ. "ಶನಿವಾರ ನಾನೇ ಕೂರ್ತೀನಿ, ನೀನು ಹೋಗಪ್ಪಾ" ಎಂದು ಗೊಣಗಿದ. ಕೂರಲಿ, ಬೆನ್ನು ಬಗ್ಗುವವರೆಗೆ ಕೂರಲಿ!

ನಿದ್ದೆ ಎಳೆಯುತ್ತಿದೆ. ಅವನು ಪರದೆಗೆ ಅಂಟಿರುವಾಗ ನಾನು ಎಳುಂಬೂರು ಸ್ಟೇಷನ್ನಿನಲ್ಲಿ ಮಲ್ಲಿಗೆ ಹಿಡಿದು ನಿಂತಿರುತ್ತೇನೆ. ನನ್ನ ಹೆಂಡತಿ ಎಳಿಲರಸಿ ಮಧುರೈಯಿಂದ ಬರುತ್ತಾಳೆ, ಶನಿವಾರ ಮಧ್ಯಾಹ್ನ, ವೈಗೈ ಎಕ್ಸ್‌ಪ್ರೆಸ್ಸಿನಲ್ಲಿ