ಎರಡೂ ಎಡಗೈ

ಮೇ ೧೪, ಬುಧವಾರ
ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ

ಮುದ್ದಿನ ತಂಗಿಗೆ,

ಅಕ್ಕನ ಪ್ರೀತಿಯ ನೆನಪುಗಳು. ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನನ್ನ ಮಂಡಿ ಮತ್ತು ನನ್ನ ಬಾಯಿ, ಇವೆರಡನ್ನು ಬಿಟ್ಟರೆ ಇಲ್ಲಿಯೂ ಎಲ್ಲ ಚೆನ್ನಾಗಿದೆ. ನೀನು ಕಾಗದ ಬರೆದೆ, ಫೋನ್ ಮಾಡಿದೆ, ಕೊನೆಗೆ ನಿನ್ನ ಭಾವನ ಹತ್ತಿರ "ಅಕ್ಕ ಯಾಕೆ ಮಾತಾಡ್ತಿಲ್ಲ" ಎಂದು ಕೇಳಿಸಿದೆ. ತಡವಾಯಿತು, ಕ್ಷಮಿಸು. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು, ಆದರೆ ನೀನು ನಂಬುವುದಿಲ್ಲ. ಸಿಟ್ಟಿತ್ತು. ಅದಕ್ಕೇ ಬರೆಯಲಿಲ್ಲ.

ಫೋನಿನಲ್ಲಿ ನಿನ್ನ ಜೊತೆ ನನಗೆ ಆಗುವುದಿಲ್ಲ. ನೀನು "ಹೂಂ" ಎನ್ನುತ್ತೀಯ, ಆಮೇಲೆ ಸುಮ್ಮನಾಗುತ್ತೀಯ. ಆ ಖಾಲಿ ಜಾಗ ತುಂಬಲು ಹೋಗಿ ನಾನು ಆಡಬಾರದ್ದೆಲ್ಲ ಆಡಿ, ದಿನವಿಡೀ ನನ್ನನ್ನೇ ಬೈದುಕೊಳ್ಳುತ್ತೇನೆ. ಇದು ಜನರ ಮನಸ್ಸು ಅಳೆಯುವ ನಿನ್ನ ಕಸುಬು ಕಲಿಸಿದ್ದೋ ಹುಟ್ಟುಗುಣವೋ ತಿಳಿಯದು. ಚಿಕ್ಕಂದಿನಲ್ಲೂ ಅಪ್ಪ ಚಪ್ಪಲಿ ಬಿಡುವ ಮೊದಲೇ ನಿನ್ನನ್ನು ಕೂಗಿ, ಆಫೀಸಿನ ಕಥೆಯನ್ನೆಲ್ಲ ನಿನಗೇ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಅವರ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಗುಂಡಿ ಗಟ್ಟಿಯಾಗಿದೆ ಎಂದು ಒಂದು ಸಲ ಹೇಳಿದ್ದರು. ಕಾಗದದಲ್ಲಾದರೆ ನಾನೊಬ್ಬಳೇ ಮಾತಾಡುತ್ತೇನೆ, ನೀನು ಕೊನೆಯವರೆಗೂ ಓದಲೇಬೇಕು.

ಮೊದಲು ಸುದ್ದಿ. ನಿನ್ನ ಭಾವನ ಬಸ್ಸಿನ ರೂಟು ಬದಲಾಗಿದೆ. ಈಗ ಬೇಗ ಮನೆಗೆ ಬಂದು ನನ್ನ ತಲೆ ತಿನ್ನುತ್ತಾರೆ. ಎದುರಿನ ಔಷಧಿ ಅಂಗಡಿಯವನು ಮಿಂಚುವ ಬೋರ್ಡು ಹಾಕಿಸಿದ್ದಾನೆ, ಅದರ ಮುಂದೆ "ಪರದೆ, ಸೋಫಾ ಹೊದಿಕೆ ಹೊಲಿದು ಕೊಡಲಾಗುವುದು" ಎಂಬ ನನ್ನ ಬೋರ್ಡು ಮುಖ ತೊಳೆಯದವಳ ಹಾಗೆ ನಿಂತಿದೆ. ಹೊಲಿಗೆ ಯಂತ್ರದ ಬೆಲ್ಟು ಎರಡು ಸಲ ಹರಿಯಿತು. ಇಷ್ಟೇ ಸುದ್ದಿ. ಉಳಿದದ್ದೆಲ್ಲ ನನ್ನ ಮಗಳು ಮರಿಯದು, ಮರಿಯದು ಎಂದರೆ ನಿನ್ನದು.

ಅವಳನ್ನು ನಿನ್ನ ಹತ್ತಿರ ಕಳಿಸಿದ್ದು ನಾನೇ, ಇದನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಪಿಯುಸಿ ಮುಗಿದ ಮೇಲೆ ಮುಂದೇನು ಎಂದು ಅವಳು ಒದ್ದಾಡುತ್ತಿದ್ದಾಗ, "ಚಿಕ್ಕಮ್ಮನ ಆಫೀಸಲ್ಲಿ ಆಪ್ಟಿಟ್ಯೂಡ್ ಪರೀಕ್ಷೆ ಮಾಡ್ತಾರಂತೆ. ಯಾರಿಗೆ ಯಾವ ಕೆಲಸ ಒಗ್ಗುತ್ತೆ ಅಂತ ತಿಳಿಯುತ್ತೆ, ರಜಾದಲ್ಲಿ ಹೋಗಿ ಬಾ" ಎಂದೆ. ಯಾಕೆ ಹೇಳಿದೆ ಗೊತ್ತೇ? ಫಲಿತಾಂಶ ನನಗೆ ಮೊದಲೇ ಗೊತ್ತಿದೆ ಎಂದುಕೊಂಡಿದ್ದೆ. ಕಾಲು ಪೆಡಲಿಗೆ ಎಟುಕುವ ಮೊದಲೇ ನನ್ನ ಯಂತ್ರದ ಮುಂದೆ ಕೂತ ಹುಡುಗಿ ಅವಳು. ಗಿರಾಕಿಗಳ ಮುಂದೆಲ್ಲ "ನನ್ನ ನಂತರ ಇವಳೇ" ಎಂದು ಹೇಳಿಕೊಂಡು ಬಂದಿದ್ದೆ. ನೀನು ಅದಕ್ಕೊಂದು ಮೊಹರು ಒತ್ತಿ ಕಳಿಸಿದ್ದರೆ ಸಾಕಿತ್ತು. ಅವಳು ಅಲ್ಲಿದ್ದಾಗಲೇ ಬಡಗಿಗೆ ಹೇಳಿ ನನ್ನ ಮೇಜಿನ ಪಕ್ಕ ಅವಳಿಗೂ ಒಂದು ಮೇಜು ಮಾಡಿಸಿಟ್ಟೆ.

ಬಂದಳಲ್ಲ! ಬೈತಲೆ ನಿನ್ನ ಹಾಗೆ ಪಕ್ಕಕ್ಕೆ. ಚಹಾಕ್ಕೆ ಸಕ್ಕರೆ ಬೇಡ, ಚಿಕ್ಕಮ್ಮ ಹಾಕಿಕೊಳ್ಳುವುದಿಲ್ಲ. ಕಿಟಕಿ ತೆರೆದೇ ಇರಬೇಕು, ಚಿಕ್ಕಮ್ಮನ ಮನೆಯಲ್ಲಿ ಹಾಗೇ ಇರುತ್ತದೆ. ಇಸ್ತ್ರಿಪೆಟ್ಟಿಗೆ ಕೆಟ್ಟಿತು ಎಂದು ನಾನು ಕೂಗಾಡುತ್ತಿದ್ದರೆ, ಪಕ್ಕಕ್ಕೆ ಬಂದು ಕೂತು, "ಅದರಿಂದ ನಿಂಗೆ ಹೇಗನಿಸ್ತಿದೆ ಅಮ್ಮ?" ಎನ್ನುತ್ತಾಳೆ. "ಪರದೆ ಸುಕ್ಕುಸುಕ್ಕಾಗಿದೆ ಅನಿಸ್ತಿದೆ ಕಣೇ, ಇನ್ನೇನನಿಸುತ್ತೆ!" ಎಂದೆ. ನಿನ್ನ ಭಾವ ನಕ್ಕೂ ನಕ್ಕೂ ಕೆಮ್ಮಿದರು.

ನಿನ್ನ ಆಫೀಸಿನ ದುಂಡು ಮೇಜು, ಕೆಂಪು ಬಿಳಿ ಮರದ ತುಂಡುಗಳು, ಮಡಿಸಿದ ಕಾಗದಕ್ಕೆ ತೂತು ಮಾಡಿದರೆ ಬಿಚ್ಚಿದಾಗ ಎಲ್ಲೆಲ್ಲಿ ತೂತು ಕಾಣುತ್ತದೆ ಎಂಬ ಪ್ರಶ್ನೆ, ಎಲ್ಲವನ್ನೂ ಹೇಳಿದಳು. ಫಲಿತಾಂಶವೆಂದು ನೀನು ಕಾಗದದಲ್ಲಿ ಬರೆದದ್ದನ್ನೂ ಬಾಯಿಪಾಠ ಒಪ್ಪಿಸಿದಳು. ಮಾತು ಮತ್ತು ಇನ್ನೊಬ್ಬರ ಮನಸ್ಸು ತಿಳಿಯುವುದರಲ್ಲಿ ಬಹಳ ಮುಂದೆ. ಬೆರಳಿನ ಚುರುಕು ಎಲ್ಲರಷ್ಟೇ. ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದರಲ್ಲಿ ಹಿಂದೆ. ಹಿಂದೆಯಂತೆ! ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು! ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋದವರಿಗೆ ಮತ್ತೆ ಮಾತು ಕಲಿಸುವ ಓದೊಂದಿದೆಯಂತೆ, ಅವಳಿಗೆ ಅದೇ ಬೇಕಂತೆ, ಆ ಕಾಲೇಜು ನಿನ್ನ ಊರಿನಲ್ಲೇ ಇದೆಯಂತೆ, ಓದು ಮುಗಿಯುವವರೆಗೆ ನಿನ್ನ ಮನೆಯಲ್ಲೇ ಇರಬಹುದಂತೆ. ಎಷ್ಟು ಅನುಕೂಲ ನೋಡು.

ಪರೀಕ್ಷೆ ಒಂದು ಸಹಾಯ ಅಷ್ಟೇ, ಅವಳಿಗೆ ಇಷ್ಟವಿದ್ದರೆ ಹೊಲಿಗೆಯನ್ನೇ ಮಾಡಲಿ ಎಂದೂ ನೀನು ಬರೆದಿದ್ದೆ. ಅಷ್ಟೊಂದು ಒಳ್ಳೆಯವಳಾಗುವ ಅಗತ್ಯವಿರಲಿಲ್ಲ. ಒಳ್ಳೆಯವರ ಜೊತೆ ಜಗಳವಾಡುವುದು ಎಷ್ಟು ಕಷ್ಟ ಎಂದು ನಿನಗೇನು ಗೊತ್ತು?

ಹೊಟ್ಟೆಕಿಚ್ಚು ಕಣೇ. ಸುತ್ತಿ ಬಳಸಿ ಹೇಳುವುದೇನಿದೆ. ನಿನಗೆ ಎರಡು ಗಂಡುಮಕ್ಕಳಿದ್ದಾರೆ, ಮುತ್ತಿನಂಥವರು. ನನಗಿರುವುದು ಒಂದು. ಇದ್ದೊಂದನ್ನೂ ಎಳೆದುಕೊಳ್ಳಬೇಕಿತ್ತೇ ಎಂದು ಬರೆದು, ಆ ಸಾಲನ್ನು ಹೊಡೆದು, ಮತ್ತೆ ಬರೆದಿದ್ದೇನೆ. ಹೊಡೆದದ್ದನ್ನು ನೀನು ಬೆಳಕಿಗೆ ಹಿಡಿದು ಓದುವವಳೇ, ಆ ಕಷ್ಟ ಯಾಕೆ.

ತಾಳು, ಗಿರಾಕಿ ಬಂದರು.

ಹೋದರು. ಬಟ್ಟೆಯ ಸುರುಳಿಗಳನ್ನೆಲ್ಲ ಬಿಚ್ಚಿಸಿ ನೋಡಿ, ಗಂಡನನ್ನು ಕೇಳಿ ಬರುತ್ತೇನೆ ಎಂದು ಹೋದರು. ಎಲ್ಲಿಗೆ ಬಂದಿದ್ದೆ? ಹಾಂ, ಹೆಡ್‌ಮಾಸ್ತರ ಕುರ್ಚಿಯ ವಿಷಯ ಹೇಳಬೇಕಿತ್ತು.

ನಮ್ಮ ಬೀದಿಯ ಕೊನೆಯ ಮನೆಯ ಹೆಡ್‌ಮಾಸ್ತರು, ಈಗ ರಿಟೈರಾಗಿದ್ದಾರೆ, ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿದೆ. ದಿನವೆಲ್ಲ ಒಂದೇ ಸೋಫಾ ಕುರ್ಚಿಯಲ್ಲಿ ಕೂತಿರುತ್ತಾರೆ. ಅದಕ್ಕೆ ಹೊಸ ಹೊದಿಕೆ ಹಾಕಿಸಲು ಸೊಸೆ ಅವರನ್ನೂ ಅಂಗಡಿಗೆ ಕರೆತಂದಿದ್ದಳು. ಕಂದು ಬಣ್ಣವೇ ಇರಲಿ, ಕೊಳೆ ಕಾಣುವುದಿಲ್ಲ ಎಂದಳು. ನಾನೂ ಅದೇ ಸರಿ ಎಂದು ಬಟ್ಟೆ ಎಳೆದೆ. ಮರಿ ಮಾತ್ರ ಸ್ಟೂಲು ಎಳೆದುಕೊಂಡು ಅವರ ಎದುರು ಕೂತಳು. "ಮೇಷ್ಟ್ರೇ, ನಿಮಗೆ ಯಾವ್ದು ಬೇಕು?" ಎಂದು ಕೇಳಿ, ಸುಮ್ಮನಾದಳು. ಅವರು ಬಾಯಿ ತೆರೆದರು, ಮುಚ್ಚಿದರು. ಸೊಸೆ "ಬಿಡಮ್ಮ, ಅವರಿಗೆ ಆಗಲ್ಲ" ಎಂದಳು. ನಾನು "ಕಂದು ಅಂತಿದ್ದಾರೆ" ಎಂದು ಅವರ ಪರವಾಗಿ ನಾನೇ ಹೇಳಿಬಿಟ್ಟೆ. ಮರಿ ನನ್ನ ಕಡೆ ತಿರುಗಲೂ ಇಲ್ಲ. ಥೇಟ್ ನಿನ್ನ ಹಾಗೆ, ಆ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಟ್ಟುಕೊಂಡು ಕೂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಅವರು "ಹ... ಹ... ಹಸಿರು" ಎಂದರು. ಸೊಸೆ ಅತ್ತಳು. ನನಗೆ ಅಳು ಬರಲಿಲ್ಲ. ಮೈ ಉರಿಯಿತು. ಇದನ್ನು ಅವಳು ಇಲ್ಲಿ ಕಲಿತದ್ದಲ್ಲ.

ಅದಕ್ಕೆ ನಾನೂ ಒಂದು ಪರೀಕ್ಷೆ ಇಟ್ಟೆ. ನಿನಗೊಬ್ಬಳಿಗೇ ಬರುತ್ತದೆಯೇ? ಹಸಿರು ಮಖಮಲ್ಲು ತಂದು ಅವಳ ಹೊಸ ಮೇಜಿನ ಮೇಲೆ ಹಾಸಿ, "ಕುರ್ಚಿಯ ಎರಡು ಕೈಗಳ ಹೊದಿಕೆ ನೀನೇ ಕತ್ತರಿಸು. ನಾನು ಮುಟ್ಟೋದಿಲ್ಲ, ನೋಡೋದೂ ಇಲ್ಲ" ಎಂದು ಹೊರಗೆ ಹೋಗಿ ನಿಂತೆ. ನಿನಗೆ ತಿಳಿಯಲೆಂದು ಹೇಳುತ್ತೇನೆ. ಒಂದು ಕೈಗೆ ಕಾಗದದಲ್ಲಿ ಅಚ್ಚು ಮಾಡಿ, ಬಟ್ಟೆಯ ಮೇಲಿಟ್ಟು ಕತ್ತರಿಸುತ್ತೇವೆ. ಇನ್ನೊಂದು ಕೈಗೆ ಅದೇ ಕಾಗದವನ್ನು ಮಗುಚಿ ಇಡಬೇಕು. ಅಷ್ಟೇ ಕೆಲಸ. ಕೂಗಿದಳು, ಒಳಗೆ ಹೋದೆ. ಕತ್ತರಿ ಆಡಿಸಿದ್ದು ಎಷ್ಟು ಚೆನ್ನಾಗಿತ್ತೆಂದರೆ ಅಂಚಿನಲ್ಲಿ ಒಂದು ಎಳೆ ಎದ್ದಿರಲಿಲ್ಲ. ಆದರೆ ಎರಡೂ ಎಡಗೈ. ಸಾದಾ ಬಟ್ಟೆಯಾದರೆ ತಿರುವಿ ಹಾಕಬಹುದು, ಮಖಮಲ್ಲಿಗೆ ಮುಖ ಒಂದೇ ಕಡೆ.

"ಗಮನ ಎಲ್ಲಿಟ್ಟಿದ್ದೆ? ಚಿಕ್ಕಮ್ಮನ ಊರಲ್ಲಾ?" ಎಂದು ಕೂಗಿದೆ.

ಅವಳು ಅಳಲಿಲ್ಲ. "ಅಮ್ಮ, ಇದು ಇವತ್ತಿಂದಲ್ಲ. ನಂಗೆ ಯಾವಾಗ್ಲೂ ಹೀಗೇ ಆಗುತ್ತೆ. ಅಚ್ಚು ನೀನು ಇಟ್ಟು ಕೊಡ್ತಿದ್ದೆ, ನಾನು ಬರೀ ಕತ್ತರಿಸ್ತಿದ್ದೆ. ನಾನೇ ಇಟ್ಟಾಗೆಲ್ಲ ನೀನು ಹಿಂದಿನಿಂದ ಬಂದು ಮಗುಚಿ ಇಡ್ತಿದ್ದೆ. ನೀನು ಅದನ್ನ ಗಮನಿಸ್ಲೇ ಇಲ್ಲ, ನಿನ್ನ ಕೈ ತಾನಾಗೇ ಮಾಡ್ಬಿಡ್ತಿತ್ತು."

"ಗೊತ್ತಿದ್ರೆ ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಬೇಜಾರಾಗುತ್ತೆ ಅಂತ."

"ಚಿಕ್ಕಮ್ಮಂಗೆ ಹೇಳಿದೆಯಲ್ಲ!"

"ಅವರು ಕೇಳಿದ್ರು" ಎಂದಳು.

ಅಷ್ಟೇ ಅಂದಳು. ನಾನು ಆ ಎರಡು ಎಡಗೈಗಳನ್ನು ಸುತ್ತಿ ಮೂಲೆಗೆ ಎಸೆದು, ಬಟ್ಟೆ ಅಂಗಡಿಗೆ ಹೋಗಿ ಮತ್ತೆ ಮಖಮಲ್ಲು ತಂದೆ. ದಾರಿಯುದ್ದಕ್ಕೂ ನಿನಗೆ ಬೈದೆ. ನಾನು ಊಟ ಬಡಿಸಿದೆ, ಬಟ್ಟೆ ಹೊಲಿದೆ, ಜ್ವರ ಬಂದಾಗ ಪಕ್ಕದಲ್ಲಿ ಕೂತೆ. ನೀನು ಒಂದು ಪ್ರಶ್ನೆ ಕೇಳಿದೆ, ಹುಡುಗಿ ನಿನ್ನವಳಾದಳು.

ನಿನ್ನ ಭಾವ, "ಅವಳೇನು ಸಮುದ್ರ ದಾಟಿ ಹೋಗ್ತಿದ್ದಾಳಾ? ನಿನ್ನ ತಂಗಿ ಮನೆ ತಾನೆ?" ಎಂದರು. "ಅದಕ್ಕೇ!" ಎಂದೆ. ಯಾರದೋ ಹಾಸ್ಟೆಲ್ ಆಗಿದ್ದರೆ ಆ ದಿನವೇ ಪೆಟ್ಟಿಗೆ ಕಟ್ಟಿ ಕೊಡುತ್ತಿದ್ದೆ. ಹಾಸ್ಟೆಲ್ಲಿನ ಅಡುಗೆಯವಳನ್ನು ಯಾವ ಹುಡುಗಿಯೂ ತಾಯಿಗಿಂತ ಹೆಚ್ಚು ಹಚ್ಚಿಕೊಳ್ಳುವುದಿಲ್ಲ. ಆದರೂ ಅವರು ಪಾಪ ದಿನಾ ಬುದ್ಧಿ ಹೇಳಿದರು, ಅವಳ ಓದು ಹಾಳಾಗುತ್ತದೆ ಎಂದರು. ಅವರ ಮಾತಿಗೆ ಕಟ್ಟುಬಿದ್ದು ಒಪ್ಪಿದ್ದೇನೆ. ಕಾಲೇಜಿಗೆ ಸೇರಿಸು. ಮುಂದಿನ ವಾರ ಅವರೇ ಕರೆತರುತ್ತಾರೆ. ನಾನು ಬರುವುದಿಲ್ಲ, ಅಂಗಡಿ ಮುಚ್ಚಲಾಗುವುದಿಲ್ಲ. ಬರಲಾಗುವುದಿಲ್ಲ ಎಂದೇ ಇಟ್ಟುಕೋ.

ಓದಲು ಕೂತರೆ ಅವಳಿಗೆ ಊಟದ ನೆನಪಿರುವುದಿಲ್ಲ, ಕೂಗಿ ಎಬ್ಬಿಸಬೇಕು. ಕಿಟಕಿ ತೆರೆದು ಮಲಗಿದರೆ ನೆಗಡಿಯಾಗುತ್ತದೆ, ನಿನ್ನ ಮನೆಯಲ್ಲಿ ಆಗಲಿಲ್ಲ ಎಂದು ಹೇಳಬೇಡ. ಬಟ್ಟೆ ಕೊಡಿಸಬೇಡ, ನಾನು ಹೊಲಿದು ಕಳಿಸುತ್ತೇನೆ. ಅವಳ ಕೋಣೆಯ ಕಿಟಕಿಯ ಅಳತೆಯನ್ನು ಮರುಟಪಾಲಿನಲ್ಲಿ ಬರೆ. ಪರದೆ ಇಲ್ಲಿಂದ ಬರುತ್ತದೆ, ನೀನು ಕೊಂಡ ಪರದೆ ಹಾಕಕೂಡದು. ರಜಾ ಬಂದರೆ ಒಂದು ದಿನವೂ ಇಟ್ಟುಕೊಳ್ಳದೆ ಕಳಿಸು.

ನಿನ್ನ ಯಜಮಾನರಿಗೆ ನಮಸ್ಕಾರ. ನಿನ್ನ ಇಬ್ಬರು ಹುಡುಗರಿಗೆ ದೊಡ್ಡಮ್ಮನ ಮುತ್ತು, ಆಶೀರ್ವಾದ. ನಿನಗೂ. ನಿನ್ನ ಮೇಲೆ ಇಷ್ಟೆಲ್ಲ ಸಿಟ್ಟಿದ್ದರೂ ನೀನು ಚೆನ್ನಾಗಿರಬೇಕು, ಅವಳಿಗೋಸ್ಕರವಾದರೂ.

ನಿನ್ನ,
ಹೊಟ್ಟೆಕಿಚ್ಚಿನ ಅಕ್ಕ

ಬರೆಯಲು ಮರೆತದ್ದು: ಮರೆತಿರಲಿಲ್ಲ. ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ.

ಭಾವನ ಮಾತಿಗೆ ಒಪ್ಪಿದೆ ಎಂದದ್ದು ಸುಳ್ಳು. ನಿನ್ನೆ ಹೆಡ್‌ಮಾಸ್ತರ ಕುರ್ಚಿಯ ಬೆನ್ನು ಹೊಲಿಯುತ್ತಿದ್ದೆವು. ನಾನು ಈ ಕಡೆ, ಅವಳು ಆ ಕಡೆ. ಅದಕ್ಕೆ ಬಾಗಿದ ದಪ್ಪ ಸೂಜಿ ಬೇಕು. ಅದು ಜಾರಿ ಅವಳ ಹೆಬ್ಬೆರಳಿಗೆ ಇಳಿಯಿತು. ಪೆಟ್ಟಾದರೆ ಯಾರ ಬಾಯಲ್ಲಾದರೂ ಏನು ಬರುತ್ತದೆ ಹೇಳು. ಹಲ್ಲು ಬಿದ್ದ ಮುದುಕರೂ "ಅಮ್ಮಾ" ಎನ್ನುತ್ತಾರೆ. ತಾಯಿ ಸತ್ತು ಎಷ್ಟೋ ವರ್ಷವಾದವರೂ ಹಾಗೇ ಎನ್ನುತ್ತಾರೆ. ಇವಳು "ಚಿಕ್ಕಮ್ಮಾ" ಎಂದು ಕಿರುಚಿದಳು. ನಾನು ಕೈಗೆಟುಕುವಷ್ಟು ಹತ್ತಿರದಲ್ಲಿದ್ದೆ.

ತಾನು ಏನು ಕೂಗಿದೆ ಎಂದು ಅವಳಿಗೆ ಗೊತ್ತೇ ಆಗಲಿಲ್ಲ. ಬೆರಳನ್ನು ನಲ್ಲಿಯ ಕೆಳಗೆ ಹಿಡಿದು, ಬಟ್ಟೆಪಟ್ಟಿ ಕಟ್ಟಿದೆ. "ಅಮ್ಮ, ಇನ್ನೂ ಎಷ್ಟು ಸುತ್ತು ಸುತ್ತುತ್ತೀಯ?" ಎಂದು ಕೇಳಿದಳು. ರಕ್ತ ನಿಲ್ಲಬೇಡವೇ ಎಂದೆ. ಆಮೇಲೆ, ಕಾಲೇಜಿಗೆ ಹೋಗು ಎಂದೆ. ಕುಣಿದಾಡಿದಳು. ನೀನು ಅವಳಿಗೆ ಇದನ್ನು ಎಂದೂ ಹೇಳಕೂಡದು.

ಇನ್ನೊಂದು ಮಾತು. ನಿನ್ನ ಮನೆಯಲ್ಲೂ ಅವಳ ಕಾಲು ಬಾಗಿಲಿಗೆ ತಗಲುತ್ತದೆ, ಬಿಸಿ ಪಾತ್ರೆ ಮುಟ್ಟಿ ಕೈ ಸುಡುತ್ತದೆ. ಆಗ ಅವಳ ಬಾಯಿಂದ ಏನು ಬಂತು ಎಂದು ಕೇಳಿಸಿಕೊಂಡು ನನಗೆ ಬರೆ. ಬೇಡ, ಬರೆಯಬೇಡ.

"ಅಮ್ಮಾ" ಎಂದರೆ ಮಾತ್ರ ಬರೆ.