ಕಂಬದ ಹಿಂದಿನ ಜಾಗ

ಉಳವಿ
ಶ್ರಾವಣ ಸೋಮವಾರ, ೧೯೫೮

ಏನೂಂದ್ರೆ,

ಗಂಟಲು ಕಟ್ಟಿ ನನ್ನ ದನಿ ಹೋಗಿದೆ. ಇವತ್ತು ಗುಡಿಯ ಭಜನೆಯಲ್ಲಿ ಎಂದಿನಂತೆ ಮುಂದೆ ಕೂತು ಹೇಳಿಕೊಡಲಾಗದೆ, ನೀವು ತೀರಿಕೊಂಡ ಮೇಲೆ ಖಾಲಿಯೇ ಇದ್ದ ಕಂಬದ ಹಿಂದಿನ ನಿಮ್ಮ ಜಾಗದಲ್ಲಿ ಕೂತೆ.

"ಏನೇ ತುಂಗಮ್ಮ, ಯಜಮಾನ್ರ ಮೌನವ್ರತ ಈಗ ನೀನ್ ಹಿಡ್ದಿದೀಯೇನೇ?" ಅಂತ ಬಂಗಾರಮ್ಮ ನಗೆಯಾಡಿದಳು.

ಅಲ್ಲಿ ಕೂತರೆ ಎಷ್ಟೊಂದು ಕೇಳಿಸುತ್ತದೆ! ಬಂಗಾರಮ್ಮ ಪಲ್ಲವಿಗೆ ಮೊದಲು ಮೂಗೆಳೆಯುವುದು, ಸುಬ್ಬಪ್ಪ ಸಾಲು ಮರೆತು ಬರೀ ಗುನುಗುವುದು, ಒಬ್ಬೊಬ್ಬರ ದನಿಯೂ ಬೇರೆ ಬೇರೆ. ಮುಂದೆ ಕೂತು ಹಾಡುವಾಗ ನನಗೆ ನನ್ನದೊಂದೇ ಕೇಳುತ್ತಿತ್ತು.

ಸುಮ್ಮನೆ ಕೂರುವ ನಿಮ್ಮನ್ನು, "ದೇವ್ರ ಮುಂದಾದ್ರೂ ಬಾಯಿ ಬಿಡಬಾರ್ದೇನ್ರೀ?" ಎಂದು ಎಲ್ಲರೆದುರು ಕೆಣಕುತ್ತಿದ್ದೆ. ನೀವು ನಕ್ಕು, ಮುಂದಿನ ಸೋಮವಾರ ಮತ್ತೆ ಅಲ್ಲೇ ಕೂರುತ್ತಿದ್ದಿರಿ.

ಎಲ್ಲರ ದನಿಯೂ ಕೇಳಿತು, ಒಂದು ಮಾತ್ರ ತಿಳಿಯಲಿಲ್ಲ. ಆ ಜಾಗಕ್ಕೆ ನನ್ನ ದನಿ ಹ್ಯಾಗೆ ಕೇಳುತ್ತಿತ್ತು ರೀ?